ನಲವತ್ತೊಂದು ಸಾವಿರದ ಇನ್ನೂರ ಎಂಬತ್ತಾರು ತೀರ್ಪುಗಳು

ಮೂವತ್ತೊಂದು ವರ್ಷ ಒಬ್ಬರೇ ವಕೀಲರ ಹತ್ತಿರ, ಒಂದೇ ಕುರ್ಚಿಯಲ್ಲಿ ಕೂತು ಗುಮಾಸ್ತಿಕೆ ಮಾಡಿದ ಮನುಷ್ಯನ ಬಗ್ಗೆ ಹಗುರವಾಗಿ ಮಾತಾಡುವುದು ತಪ್ಪು. ನಾನು ಆಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮಧ್ಯೆ ಯಾರಿಗಾದರೂ ನಗು ಬಂದರೆ ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.

ನಮ್ಮ ಗುಮಾಸ್ತರಿಗೆ ಕೋರ್ಟಿನ ಆವರಣದಲ್ಲಿ ಇನ್ನೊಂದು ಹೆಸರಿತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಪುಟಸಂಖ್ಯೆ' ಎನ್ನುತ್ತಿದ್ದರು. ಯಾವ ಹಳೆಯ ತೀರ್ಪಿನ ಸುದ್ದಿ ಎತ್ತಿದರೂ ಅವರು ಕಣ್ಣು ಮುಚ್ಚಿ, "ಅದಾ? ಹಸಿರು ರಟ್ಟಿನ ಸಂಪುಟ, ನಾನೂರ ಹನ್ನೆರಡನೇ ಪುಟ, ಮೂಲೆಯಲ್ಲಿ ಟೀ ಕಲೆ ಇದೆ ನೋಡಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ತೀರ್ಪೂ ಇರುತ್ತಿತ್ತು, ಕಲೆಯೂ ಇರುತ್ತಿತ್ತು. ಈ ಒಂದು ವಿದ್ಯೆಯ ಮೇಲೆ ಅವರ ಮರ್ಯಾದೆಯೆಲ್ಲ ನಿಂತಿತ್ತು.

ಹೀಗಿರುವಾಗ ವಕೀಲರು ಆಫೀಸಿಗೆ ಕಂಪ್ಯೂಟರು ತರಿಸಿದರು. ಅದರೊಳಗೆ ದೇಶದ ಎಲ್ಲ ಕೋರ್ಟುಗಳ ತೀರ್ಪುಗಳೂ ಇವೆಯೆಂದೂ, ಬೇಕಾದ ಪದ ಹಾಕಿದರೆ ಬೇಕಾದ ತೀರ್ಪು ಎದ್ದು ಬರುತ್ತದೆಂದೂ ಮಾರಲು ಬಂದವನು ಹತ್ತು ನಿಮಿಷ ತೋರಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ವಕೀಲರಿಗೆ ಅರವತ್ತೆಂಟು. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ, ಅದರ ಮೇಲೆ ಬಟ್ಟೆ ಮುಚ್ಚಬೇಕು ಅಂತ.

"ಗುಮಾಸ್ತರೇ, ಇದನ್ನ ನಡೆಸೋಕೆ ನಿಮಗೆ ಬರುತ್ತೇನ್ರೀ? ಇಲ್ಲಾಂದ್ರೆ ಹೇಳಿ. ಪಕ್ಕದ ಆಫೀಸಿನ ಟೈಪಿಸ್ಟಮ್ಮ ವಾರಕ್ಕೆ ಎರಡು ದಿನ ಬಂದು ಹುಡುಕಿಕೊಡ್ತಾರಂತೆ."

ಪಕ್ಕದ ಆಫೀಸಿನ ಟೈಪಿಸ್ಟಮ್ಮ ಬಂದು ಈ ಕೋಣೆಯಲ್ಲಿ ತೀರ್ಪು ಹುಡುಕುವುದೆಂದರೆ ಏನರ್ಥ? ಗುಮಾಸ್ತರು ಒಮ್ಮೆ ತಮ್ಮ ಸಂಪುಟಗಳ ಕಪಾಟಿನ ಕಡೆ ನೋಡಿದರು.

"ಬರದೇ ಏನು ಸಾರ್. ನೀರು ಕುಡಿದ ಹಾಗೆ."

"ಎಲ್ಲಿ ಕಲಿತ್ರಿ?"

"ಮನೇಲಿ."

ಗುಮಾಸ್ತರ ಮನೆಯಲ್ಲಿ ಇದ್ದದ್ದು ಒಂದು ಟಿವಿ. ಅದರ ರಿಮೋಟು ಹೆಂಡತಿಯ ಕೈಯಲ್ಲಿರುತ್ತಿತ್ತು.

ಆ ವಾರ ಆಫೀಸಿನಲ್ಲಿದ್ದ ದೊಡ್ಡ ಚಿಂತೆಯೆಂದರೆ ನರ್ಸಮ್ಮನ ಕೇಸು. ನರ್ಸಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಆಸ್ಪತ್ರೆಯಿಂದ ನಿವೃತ್ತಿಯಾದ ಮೇಲೆ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಒಬ್ಬರೇ ಇದ್ದರು. ಮಹಡಿ ಅವರ ಸ್ವಂತದ್ದು. ಕೆಳಗಿನ ಅಂಗಡಿ ಮತ್ತು ಅಂಗಳವನ್ನು ಹೋದ ವರ್ಷ ಹಾಸಿಗೆ ವ್ಯಾಪಾರಿಯೊಬ್ಬ ಕೊಂಡುಕೊಂಡಿದ್ದ. ಮಹಡಿಗೆ ಇದ್ದ ಒಂದೇ ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡು ಆ ಅಂಗಳದಿಂದ ಮೇಲೇರುತ್ತಿತ್ತು. ವ್ಯಾಪಾರಿ ಮೊದಲು ಬಿಸಿಲಿಗೆಂದು ಎರಡು ಹಾಸಿಗೆ ಇಟ್ಟ. ಆಮೇಲೆ ಗಾಳಿಗೆಂದು ನಾಲ್ಕು ಇಟ್ಟ. ಈಗ ಕೆಳಗಿನ ಮೆಟ್ಟಿಲಿನಿಂದ ಮೇಲಿನವರೆಗೆ ಅರವತ್ತು ಹಾಸಿಗೆ ಪೇರಿಸಿ, ಟಾರ್ಪಾಲು ಕಟ್ಟಿ, "ಮೆಟ್ಟಿಲು ನನ್ನ ಅಂಗಳದಲ್ಲಿದೆ, ಅಂಗಳ ನಂದು" ಎನ್ನುತ್ತಿದ್ದ. ನರ್ಸಮ್ಮ ಹಿಂದಿನ ಬಾಲ್ಕನಿಗೆ ಒಂದು ಮರದ ಏಣಿ ಹಾಕಿಸಿಕೊಂಡು, ಹಿಂದಿನ ಬೀದಿಯ ಕ್ಷೌರದಂಗಡಿಯವನು ಬುಡ ಹಿಡಿದರೆ, ವಾರಕ್ಕೆ ಎರಡು ಸಲ ಇಳಿಯುತ್ತಿದ್ದರು.

ಒಂದು ದಿನ ಅವರು ಬಾಲ್ಕನಿಯಿಂದಲೇ ವ್ಯಾಪಾರಿಗೆ ಕೂಗಿ ಹೇಳಿದ್ದುಂಟು: "ಏನಪ್ಪಾ, ಅವತ್ತು ನಿನ್ನನ್ನ ಹೊರಗೆ ತಂದೋಳು ನಾನು. ಇವತ್ತು ನೀನು ನನ್ನನ್ನ ಒಳಗೆ ಕೂಡಿಹಾಕಿದೀಯಲ್ಲ." ಅವನು ಹುಟ್ಟಿದ್ದು ಅವರ ಕೈಯಲ್ಲೇ. ವ್ಯಾಪಾರಿ ತಲೆ ತಗ್ಗಿಸಿದ, ಹಾಸಿಗೆ ತೆಗೆಯಲಿಲ್ಲ.

ಸೋಮವಾರ ಕೇಸು ಬರುವುದಿತ್ತು. ಶನಿವಾರ ಬೆಳಿಗ್ಗೆ ಗುಮಾಸ್ತರು ಕಂಪ್ಯೂಟರಿನ ಬಟ್ಟೆ ತೆಗೆದು, ಮಡಚಿ, ಪಕ್ಕಕ್ಕಿಟ್ಟು ಕೂತರು. ಪರದೆಯ ಮೇಲೆ ಒಂದು ಉದ್ದನೆಯ ಖಾಲಿ ಚೌಕ. ಖಾಲಿ ಜಾಗ ಕಂಡರೆ ಅರ್ಜಿ ಬರೆಯುವುದು ಅವರ ಹುಟ್ಟುಗುಣ. ಒಂದೊಂದೇ ಬೆರಳಿನಲ್ಲಿ ಕುಟ್ಟಿದರು:

"ಮಾನ್ಯರೇ, ನಮ್ಮ ಕಕ್ಷಿದಾರರಾದ ನರ್ಸಮ್ಮನವರ ಮೆಟ್ಟಿಲಿನ ಮೇಲೆ ಹಾಸಿಗೆ ಪೇರಿಸಿರುವ ವಿಷಯವಾಗಿ ತಮ್ಮಲ್ಲಿ ಯಾವುದಾದರೂ ತೀರ್ಪು ಇದ್ದಲ್ಲಿ ದಯಮಾಡಿ ಒದಗಿಸಬೇಕೆಂದು ವಿನಂತಿ."

ಉತ್ತರ ಬಂತು. "ಫಲಿತಾಂಶ: 0."

ಇಷ್ಟು ವಿನಯದಿಂದ ಕೇಳಿದರೂ ಸೊನ್ನೆ. ಬಹುಶಃ ಮಾತು ಹೆಚ್ಚಾಯಿತೇನೋ ಎಂದು 'ದಯಮಾಡಿ' ತೆಗೆದರು. ಸೊನ್ನೆ. 'ಮಾನ್ಯರೇ' ತೆಗೆಯಲು ಮನಸ್ಸು ಒಪ್ಪಲಿಲ್ಲ, ಆದರೂ ತೆಗೆದರು. ಸೊನ್ನೆ. ಹಾಸಿಗೆ ಹೋಯಿತು, ನರ್ಸಮ್ಮ ಹೋದರು, ಕೊನೆಗೆ ಚೌಕದಲ್ಲಿ ಉಳಿದದ್ದು 'ಮೆಟ್ಟಿಲು' ಎಂಬ ಒಂದೇ ಪದ. ಒತ್ತಿದರು.

"ಫಲಿತಾಂಶ: 41,286."

ಗುಮಾಸ್ತರು ಎದ್ದು ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಕೂತರು. ಅಂಕಿ ಅಲ್ಲೇ ಇತ್ತು.

"ಸಾರ್!" ಒಳಗಿನ ಕೋಣೆಯ ಬಾಗಿಲಿಗೆ ಹೋಗಿ ಅವರು ಹೇಳಿದರು. "ಮೆಟ್ಟಿಲಿನ ವಿಷಯದಲ್ಲಿ ನಮ್ಮ ಕಡೆ ನಲವತ್ತೊಂದು ಸಾವಿರದ ಇನ್ನೂರ ಎಂಬತ್ತಾರು ತೀರ್ಪುಗಳಿವೆ."

"ನಮ್ಮ ಪರವಾಗಿ?"

ಇಲ್ಲಿ ಒಂದು ಕ್ಷಣ ಇತ್ತು. ಮನುಷ್ಯನ ಜೀವನದಲ್ಲಿ ಇಂಥ ಕ್ಷಣಗಳು ಬರುತ್ತವೆ. ಆಗ ಸುಮ್ಮನೆ "ನೋಡ್ತೀನಿ ಸಾರ್" ಅಂದರೆ ಮುಗಿಯುತ್ತದೆ. ಗುಮಾಸ್ತರು ಹಾಗೆ ಅನ್ನಲಿಲ್ಲ.

"ಕೇಳಿದ್ದು ನಾವು ತಾನೆ ಸಾರ್. ನಮ್ಮ ಪರವಾಗಿಯೇ."

ವಕೀಲರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷದ ವಕಾಲತ್ತಿನಲ್ಲಿ ಅವರ ಬೆನ್ನ ಹಿಂದೆ ಇಷ್ಟು ದೊಡ್ಡ ಸೈನ್ಯ ನಿಂತದ್ದು ಇದೇ ಮೊದಲು.

ಆ ಸಂಜೆ ಗುಮಾಸ್ತರು ಇದನ್ನು ಮನೆಯಲ್ಲಿ ಹೇಳಿದರು. ಹೇಳಬಾರದಿತ್ತು. ಹೆಂಡತಿ ಒಂದು ಸಲ ಪಕ್ಕದ ಮನೆಗೆ ಹೋಗಿಬಂದರು, ಅಷ್ಟೇ. ಅಲ್ಲಿದ್ದ ಅವರ ತಮ್ಮ, ಅಂದರೆ ಗುಮಾಸ್ತರ ಭಾವಮೈದುನ, ಬಸ್ ಕಂಡಕ್ಟರು. ದಿನಕ್ಕೆ ಎಂಟು ಟ್ರಿಪ್ಪು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಊರಿನ ಎರಡೂ ತುದಿಗೆ ಸುದ್ದಿ ಮುಟ್ಟಿತ್ತು. "ನಮ್ಮ ಭಾವ ಒಂದೇ ಗುಂಡಿ ಒತ್ತಿದ್ರು ಕಣ್ರೀ. ನಲವತ್ತೊಂದು ಸಾವಿರ ಜಡ್ಜುಗಳು ಒಟ್ಟಿಗೆ ಎದ್ದು ನಿಂತ್ಕೊಂಡ್ರು. ಹಿಂದಿನೋರು ಮುಂದೆ ಬನ್ನಿ, ಬನ್ನಿ."

ಭಾನುವಾರ ಸಂಜೆ ಗುಮಾಸ್ತರ ಜಗುಲಿಯಲ್ಲಿ ಜನ. ದರ್ಜಿಗೆ ಎದುರು ಮನೆಯ ನಾಯಿ ಬೊಗಳುವುದರ ಬಗ್ಗೆ ತೀರ್ಪು ಬೇಕಿತ್ತು. ನಿವೃತ್ತ ಮೇಷ್ಟರಿಗೆ ಸೊಸೆ ಟಿವಿ ಜೋರಾಗಿ ಇಡುವುದರ ಬಗ್ಗೆ ಬೇಕಿತ್ತು, ಆದರೆ ಸೊಸೆಗೆ ಗೊತ್ತಾಗಬಾರದು. ಗುಮಾಸ್ತರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, "ಸೋಮವಾರ ಆಗಲಿ" ಎಂದರು. ಅಂದು ಅವರ ಹೆಂಡತಿ ರಿಮೋಟನ್ನು ತಾವಾಗಿಯೇ ಅವರ ಪಕ್ಕದಲ್ಲಿಟ್ಟರು.

ಸೋಮವಾರ ಹನ್ನೊಂದೂವರೆಗೆ ಕೇಸು ಕೂಗಿದರು. ವಕೀಲರು ಎದ್ದು, ಕೋಟು ಸರಿಮಾಡಿಕೊಂಡು, ನಿಧಾನವಾಗಿ ಹೇಳಿದರು: "ಮಹಾಸ್ವಾಮಿ, ನನ್ನ ಕಕ್ಷಿದಾರರ ಪರವಾಗಿ ನಲವತ್ತೊಂದು ಸಾವಿರದ ಇನ್ನೂರ ಎಂಬತ್ತಾರು ತೀರ್ಪುಗಳಿವೆ."

ಬೆಂಚ್ ಕ್ಲರ್ಕು ಬರೆಯುವುದನ್ನು ನಿಲ್ಲಿಸಿದರು.

"ಎಷ್ಟು?" ಎಂದರು ನ್ಯಾಯಾಧೀಶರು.

ವಕೀಲರು ಮತ್ತೊಮ್ಮೆ ಹೇಳಿದರು. ಎರಡನೇ ಸಲಕ್ಕೆ ಅವರ ದನಿ ತುಸು ಸಣ್ಣದಾಗಿತ್ತು.

ಎದುರು ವಕೀಲರು ಗಾಬರಿಯಾಗುತ್ತಾರೆಂದು ಎಲ್ಲರೂ ಕಾದರು. ಅವರು ಗಾಬರಿಯಾಗಲಿಲ್ಲ. ಬಹಳ ಸಂತೋಷದಿಂದ ಎದ್ದರು. "ನಮ್ಮ ಆಕ್ಷೇಪಣೆ ಏನೂ ಇಲ್ಲ ಸ್ವಾಮಿ. ಅಷ್ಟಕ್ಕೂ ಪ್ರತಿಗಳನ್ನ ನಮಗೆ ಕೊಡಲಿ. ಓದೋದಕ್ಕೆ ಕಾಲಾವಕಾಶ ಕೊಡಿ. ದಿನಕ್ಕೆ ಹತ್ತರ ಹಾಗೆ ಓದಿದರೆ ಹನ್ನೊಂದು ವರ್ಷ ನಾಲ್ಕು ತಿಂಗಳು ಸಾಕು."

ಹಾಸಿಗೆ ವ್ಯಾಪಾರಿಯ ಮುಖ ಅರಳಿತು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ನಿವೃತ್ತಿಗೆ ಏಳು ತಿಂಗಳಿದೆ" ಎಂದರು ಅವರು.

"ನಂಗೆ ಎಪ್ಪತ್ತನಾಲ್ಕು" ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ. ನರ್ಸಮ್ಮ ಮೂರು ಗಂಟೆಯ ಕೆಳಗೆ ಏಣಿ ಇಳಿದು ಬಂದಿದ್ದರು. ಮೊಣಕೈ ತರಚಿತ್ತು, ಅದಕ್ಕೆ ತಾವೇ ಪಟ್ಟಿ ಕಟ್ಟಿಕೊಂಡಿದ್ದರು.

ನ್ಯಾಯಾಧೀಶರು ಅತ್ತ ನೋಡಿದರು. ಆಮೇಲೆ ನಮ್ಮ ವಕೀಲರಿಗೆ ಹೇಳಿದರು: "ಗುರುವಾರ ಇಡ್ತೀನಿ. ನನಗೆ ನಲವತ್ತೊಂದು ಸಾವಿರ ಬೇಡ. ಒಂದೇ ಒಂದು ತನ್ನಿ. ಸರಿಯಾದದ್ದು."

ಗೋಡೆಗೆ ಒರಗಿ ನಿಂತಿದ್ದ ಗುಮಾಸ್ತರು ಪಟ್ಟಿ ಕಟ್ಟಿದ ಆ ಮೊಣಕೈಯನ್ನು ನೋಡಿದರು. ತಮ್ಮ ಅಂಕಿ ಹಿಡಿದುಕೊಂಡೇ ಎದುರಿನವರು ಆ ಮುದುಕಿಯನ್ನು ಹನ್ನೊಂದು ವರ್ಷ ಏಣಿಯ ಮೇಲೆ ನಿಲ್ಲಿಸಲು ಹೊರಟಿದ್ದರು.

ವಕೀಲರ ಸಂಘದ ಲೈಬ್ರರಿ ಕೋರ್ಟಿನ ಹಿಂಭಾಗದಲ್ಲಿತ್ತು. ಅಲ್ಲಿಯೂ ಅದೇ ಕಂಪ್ಯೂಟರು, ಅದೇ ಚೌಕ. ಲೈಬ್ರರಿಯಮ್ಮ ಪುಸ್ತಕಗಳಿಗೆ ಮೊಹರು ಒತ್ತುತ್ತಾ ಕೂತಿದ್ದರು. ಗುಮಾಸ್ತರು ಮೊದಲು ಹವೆಯ ಬಗ್ಗೆ ಮಾತಾಡಿದರು. ಆಮೇಲೆ ಲೈಬ್ರರಿಯ ಕಿಟಕಿಗಳನ್ನು ಹೊಗಳಿದರು. ಕೊನೆಗೆ, "ನನ್ನ ಸ್ನೇಹಿತರೊಬ್ಬರಿಗೆ ನಲವತ್ತೊಂದು ಸಾವಿರ ತೀರ್ಪು ಸಿಕ್ಕಿವೆ. ಅದರಲ್ಲಿ ಒಳ್ಳೇದು ಯಾವುದು ಅಂತ ಹೇಗೆ ತಿಳಿಯೋದು ಅಂತ ಕೇಳ್ತಿದ್ರು" ಎಂದರು.

"ಆ ಸ್ನೇಹಿತರನ್ನ ಇವತ್ತು ಬೆಳಿಗ್ಗೆ ಕೋರ್ಟಲ್ಲಿ ನೋಡಿದೆ" ಎಂದರು ಲೈಬ್ರರಿಯಮ್ಮ. "ಕೂತ್ಕೊಳ್ಳಿ. ಒಂದಾದ್ರೂ ತೆರೆದು ಓದಿದ್ರಾ?"

ಓದಿರಲಿಲ್ಲ. ಅಂಕಿಯ ಸಂಭ್ರಮದಲ್ಲಿ ಅದು ಹೊಳೆದೇ ಇರಲಿಲ್ಲ. ಅವರು ಮೊದಲನೆಯದನ್ನು ತೆರೆದರು. ಅದು ಗಂಡಹೆಂಡತಿ ಬೇರೆಯಾಗುವ ಕೇಸು. ಎರಡನೆಯದು ಲಾರಿ ಅಪಘಾತ. ಮೂರನೆಯದರಲ್ಲಿ ಒಂದು ಮೇಕೆ ಕಳೆದುಹೋಗಿತ್ತು. ಎಲ್ಲದರಲ್ಲೂ ಹಳದಿ ಬಣ್ಣದಲ್ಲಿ ಒಂದು ಪದ ಹೊಳೆಯುತ್ತಿತ್ತು. "ನೊಂದ ಪತಿಯು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾನೆ." "ಲಾರಿಯ ಮಾಲೀಕನು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾನೆ." "ಮೇಕೆಯ ಒಡತಿಯು ಬೇರೆ ದಾರಿ ಕಾಣದೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾಳೆ."

ಗುಮಾಸ್ತರು ನಾಲ್ಕನೆಯದನ್ನೂ ತೆರೆದು ನೋಡಿ, ಮುಚ್ಚಿದರು.

"ಹಾಗಾದ್ರೆ ಇವೆಲ್ಲ ನಮ್ಮ ಪರವಾಗಿ ಅಲ್ವಾ?"

"ನಿಮ್ಮ ಪರವಾಗೂ ಇಲ್ಲ, ವಿರೋಧವಾಗೂ ಇಲ್ಲ. ನೀವು ಯಾರು ಅಂತಲೇ ಇವಕ್ಕೆ ಗೊತ್ತಿಲ್ಲ. ಈ ಪದ ಯಾವ ಯಾವ ತೀರ್ಪಲ್ಲಿ ಬಂದಿದೆಯೋ ಅದನ್ನೆಲ್ಲ ತಂದು ಸುರಿದಿದೆ, ಅಷ್ಟೇ." ಅವರು ಮೊಹರು ಪಕ್ಕಕ್ಕಿಟ್ಟರು. "ಈಗ ಹೇಳಿ. ನರ್ಸಮ್ಮನಿಗೆ ಬೇಕಾಗಿರೋದು ಮೆಟ್ಟಿಲಾ?"

"ಮತ್ತೆ?"

"ಮೆಟ್ಟಿಲು ಅಲ್ಲೇ ಇದೆಯಲ್ರೀ, ಯಾರೂ ಹೊತ್ಕೊಂಡು ಹೋಗಿಲ್ಲ. ಅವರಿಗೆ ಬೇಕಾಗಿರೋದು ಹೋಗಿಬರೋ ದಾರಿ. ಜಡ್ಜುಗಳು ಅದನ್ನ ಏನಂತ ಬರೀತಾರೆ?"

ಇಲ್ಲಿ ಗುಮಾಸ್ತರಿಗೆ ಜೀವ ಬಂತು. "ಹೋಗಿಬರುವ ಹಕ್ಕು."

"ಹಾಗೇ ಹಾಕಿ. ಎರಡೂ ಪದ ಒಟ್ಟಿಗೆ ಇರಬೇಕು ಅಂದ್ರೆ ಆ ಕಡೆ ಈ ಕಡೆ ಉದ್ಧರಣ ಚಿಹ್ನೆ ಹಾಕಿ. ಇಲ್ಲದಿದ್ರೆ ಹಕ್ಕು ಒಂದು ಕಡೆ, ಹೋಗೋದು ಒಂದು ಕಡೆ ಇರೋ ತೀರ್ಪೆಲ್ಲ ಬಂದು ಕೂರ್ತವೆ. ಜೊತೆಗೆ ಮೆಟ್ಟಿಲೂ ಇರಲಿ. 'ನ್ಯಾಯಾಲಯದ ಮೆಟ್ಟಿಲು' ಅನ್ನೋದು ಬೇಡ ಅಂತ ಹಿಂದೆ ಒಂದು ಕಳೆಯುವ ಚಿಹ್ನೆ ಹಾಕಬಹುದು. ಆದ್ರೆ ಹುಷಾರಾಗಿ ಹಾಕಿ. ಬೇಡ ಅಂದ್ರೆ ಅದು ಪೂರ್ತಿ ತೀರ್ಪನ್ನೇ ಬಿಸಾಕುತ್ತೆ."

ಗುಮಾಸ್ತರು ಹುಷಾರು ಎಂಬ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕಳೆಯುವ ಚಿಹ್ನೆ ಹಾಕಿ ಒತ್ತಿದ್ದೇ ತಡ, ನಲವತ್ತೊಂದು ಸಾವಿರ ಹೋಗಿ ಇನ್ನೂರ ಹನ್ನೆರಡು ಉಳಿದವು. ಮೇಕೆಯೂ ಇಲ್ಲ, ಲಾರಿಯೂ ಇಲ್ಲ. ಆ ಪುಟ್ಟ ಗೆರೆಯ ಶಕ್ತಿಗೆ ಅವರು ಮಾರುಹೋದರು.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಮತ್ತು ಭಾವಮೈದುನ ಬಾಗಿಲಲ್ಲೇ ಕಾದಿದ್ದರು.

"ಈಗ ಎಷ್ಟಿದೆ ಭಾವ?"

"ಇನ್ನೂರ ಹನ್ನೆರಡು."

ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ರೀ! ಶನಿವಾರ ನಲವತ್ತೊಂದು ಸಾವಿರ ಇತ್ತು. ಎರಡೇ ದಿನಕ್ಕೆ ಅಷ್ಟನ್ನೂ ಎಲ್ಲಿ ಕಳೆದುಬಿಟ್ರಿ?"

"ಕಳೆದದ್ದಲ್ಲ ಕಣೇ, ಸೋಸಿದ್ದು."

"ಯಾರಾದ್ರೂ ಹೀಗೆ ಸೋಸ್ತಾರಾ? ಸೋಸಿದ್ಮೇಲೆ ಏನಾದ್ರೂ ಉಳೀಬೇಕಲ್ಲ!"

ಭಾವಮೈದುನ ದನಿ ತಗ್ಗಿಸಿದ. "ಹಾಸಿಗೆಯವನು ಒಳಗೆ ಯಾರನ್ನೋ ಹಿಡಿದಿರಬೇಕು ಭಾವ."

ಮಂಗಳವಾರ ಅದು ಹತ್ತೊಂಬತ್ತಕ್ಕೆ ಇಳಿಯಿತು. ಮೇಲಿನ ಕೋರ್ಟಿನ ತೀರ್ಪುಗಳಷ್ಟೇ ಸಾಕೆಂದು ಪಕ್ಕದ ಪಟ್ಟಿಯಲ್ಲಿ ಗುರುತು ಹಾಕಿದ್ದರು. ಮೆಟ್ಟಿಲಿನ ಹತ್ತಿರದಲ್ಲೇ 'ಅಡ್ಡಿ' ಎಂಬ ಪದ ಇರಬೇಕೆಂದೂ ಹೇಳಿದ್ದರು. ಹತ್ತೊಂಬತ್ತನ್ನೂ ಗುಮಾಸ್ತರು ಮೊದಲಿನಿಂದ ಕೊನೆಯವರೆಗೆ ಓದಿದರು. ಹನ್ನೊಂದರಲ್ಲಿ ನರ್ಸಮ್ಮನಂಥವರೇ ಸೋತಿದ್ದರು. ಏಳು ತೀರ್ಪುಗಳು ಹೊಲದ ಬದುವಿನವು. ಒಂದು ಮಾತ್ರ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅದನ್ನು ತೋರಿಸಲು ಲೈಬ್ರರಿಯಮ್ಮನನ್ನು ಕೂಗಿ ಕರೆದರು.

ಅವರು ಪರದೆಯ ಮೂಲೆಯ ಮೇಲೆ ಬೆರಳಿಟ್ಟರು. "ಈ ಕೆಂಪು ಗುರುತು ನೋಡಿದ್ರಾ? ಮೇಲ್ಮನವಿಯಲ್ಲಿ ಇದನ್ನ ರದ್ದು ಮಾಡಿದಾರೆ. ಇದು ಸತ್ತ ತೀರ್ಪು. ಇದನ್ನ ಹೊತ್ಕೊಂಡು ಹೋಗಿದ್ರೆ ಎದುರಿನೋರು ಅಲ್ಲೇ ಅಂತ್ಯಕ್ರಿಯೆ ಮಾಡ್ತಿದ್ರು."

ಬುಧವಾರ ಲೈಬ್ರರಿಯಮ್ಮ ಊಟಕ್ಕೆ ಹೋಗುವಾಗ, "ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ" ಎಂದು ಹೇಳಿ ಹೋದರು. ಗುಮಾಸ್ತರಿಗೆ ಸಮಯವಿರಲಿಲ್ಲ. ಗೊತ್ತಿದ್ದ ಎಲ್ಲ ಚಿಹ್ನೆಗಳನ್ನೂ ಒಟ್ಟಿಗೆ ಹಾಕಿದರು. ಹೊಸದಾದಷ್ಟೂ ಒಳ್ಳೆಯದೆಂದು ಕಳೆದ ಹತ್ತು ವರ್ಷ ಸಾಕು ಎಂದರು. ಕೆಂಪು ಗುರುತಿನವು ಬೇಡ ಎಂದರು. ಸೋತವು ಬೇಡ ಎನ್ನುವ ಗುಂಡಿಯನ್ನೂ ಹುಡುಕಿದರು. ಅಂಥ ಗುಂಡಿಯನ್ನು ಯಾರೂ ಮಾಡಿರಲಿಲ್ಲ. ಹಾಕಿದ್ದಷ್ಟನ್ನೇ ಇಟ್ಟುಕೊಂಡು ಒತ್ತಿದರು.

"ಫಲಿತಾಂಶ: 0."

ಶನಿವಾರ ಬೆಳಿಗ್ಗೆ ಎಲ್ಲಿದ್ದರೋ ಅಲ್ಲಿಗೇ ಬಂದು ನಿಂತಿದ್ದರು. ಗುಮಾಸ್ತರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಮೂವತ್ತೊಂದು ವರ್ಷದಲ್ಲಿ ಒಂದು ತೀರ್ಪು ಸಿಗಲಿಲ್ಲ ಎಂದು ವಕೀಲರ ಮುಂದೆ ಅವರು ಯಾವತ್ತೂ ಹೇಳಿರಲಿಲ್ಲ. ಕಿಟಕಿಯಿಂದ ಕೋರ್ಟಿನ ಅಂಗಳ ಕಾಣುತ್ತಿತ್ತು, ಜನ ಫೈಲು ಹಿಡಿದು ಓಡಾಡುತ್ತಿದ್ದರು. ಪಕ್ಕದ ಆಫೀಸಿನ ಟೈಪಿಸ್ಟಮ್ಮನನ್ನು ಕರೆಸಿ ಎಂದು ಹೇಳಿಬಿಡಲೇ ಎಂದು ಅವರಿಗೆ ನಿಜವಾಗಿಯೂ ಅನಿಸಿತು.

ಆದರೆ ಎದ್ದು ಹೋಗಲಿಲ್ಲ. ಒಂದೊಂದಾಗಿ ತೆಗೆಯತೊಡಗಿದರು. ಹತ್ತು ವರ್ಷದ ಮಿತಿ ತೆಗೆದರು. ಹದಿನೆಂಟು ಬಂದವು, ಎಲ್ಲ ನಿನ್ನೆಯ ಮುಖಗಳೇ. ಇನ್ನು ತೆಗೆಯಲು ಉಳಿದದ್ದು ಆ ಪುಟ್ಟ ಕಳೆಯುವ ಚಿಹ್ನೆ. ಅವರಿಗೆ ಬಹಳ ಇಷ್ಟವಾಗಿದ್ದ ಚಿಹ್ನೆ ಅದು. ತೆಗೆದರು.

ಮೂವತ್ತು ಬಂದವು. ಹದಿನೆಂಟು ಹಳೆಯವು, ಹನ್ನೆರಡು ಹೊಸ ಮುಖಗಳು. ಗುಮಾಸ್ತರು ಓದುತ್ತಾ ಹೋದರು. ಏಳನೆಯದು ಮೂವತ್ತಾರು ವರ್ಷದ ಹಿಂದಿನದು. ಆ ವರ್ಷದ ಸಂಪುಟ ಅವರ ಕಪಾಟಿನಲ್ಲಿ ಇರಲೇ ಇಲ್ಲ. ಒಬ್ಬ ಗಡಿಯಾರ ರಿಪೇರಿಯವನು ದವಸದ ಅಂಗಡಿಯ ಮೇಲೆ ವಾಸವಾಗಿದ್ದ. ಅಂಗಡಿಯವನು ಮೆಟ್ಟಿಲ ಮೇಲೆ ಮೂಟೆ ಪೇರಿಸಿದ್ದ. ಮೇಲಿನ ಕೋರ್ಟು ಬರೆದಿತ್ತು: "ಸುಗಮವಾದ ಬೇರೆ ದಾರಿ ಇಲ್ಲದಿರುವಾಗ, ಬಹುಕಾಲದಿಂದ ಬಳಸುತ್ತಿರುವ ಮೆಟ್ಟಿಲಿಗೆ ಅಡ್ಡಿ ಮಾಡುವುದು ಹೋಗಿಬರುವ ಹಕ್ಕಿನ ಉಲ್ಲಂಘನೆ." ಕೆಂಪು ಗುರುತು ಇರಲಿಲ್ಲ. ಮೊದಲ ಪುಟದ ಎರಡನೇ ಸಾಲಿನಲ್ಲಿ, "ನೊಂದ ಗಡಿಯಾರದವನು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾನೆ" ಎಂದಿತ್ತು. ಎರಡು ದಿನದಿಂದ ಆ ಬಡವನನ್ನು ಇವರೇ ಬಾಗಿಲ ಹೊರಗೆ ನಿಲ್ಲಿಸಿದ್ದರು.

ಗುಮಾಸ್ತರು ಅದನ್ನು ಎರಡು ಸಲ ಓದಿದರು. ಆಮೇಲೆ ಯಾರೂ ಇಲ್ಲದ ಲೈಬ್ರರಿಯಲ್ಲಿ ಪರದೆಗೆ ಕೈ ಮುಗಿದರು.

ಗುರುವಾರ ವಕೀಲರು ತೀರ್ಪನ್ನು ಒಪ್ಪಿಸಿದರು. ನ್ಯಾಯಾಧೀಶರು ಓದಿದರು. ಓದಿ, "ಇದು ಸರಿಯಾಗಿದೆ" ಎಂದರು. ಆಮೇಲೆ ತಲೆ ಎತ್ತಿದರು. "ಸೋಮವಾರ ಹೇಳಿದ ಆ ಸಂಖ್ಯೆ ಎಲ್ಲಿಂದ ಬಂತು ವಕೀಲರೇ?"

ವಕೀಲರು ಕೋಟು ಸರಿಮಾಡಿಕೊಂಡರು. ತಪ್ಪು ತಮ್ಮದೆಂದು ಹೇಳುವುದಕ್ಕೆ ಅವರು ಹೊರಟಿದ್ದರೋ ಏನೋ. ಅಷ್ಟರಲ್ಲಿ ಗೋಡೆಯ ಹತ್ತಿರದಿಂದ ಗುಮಾಸ್ತರು ಮುಂದೆ ಬಂದರು. ಗುಮಾಸ್ತರು ಕೋರ್ಟಿನಲ್ಲಿ ಮಾತಾಡುವ ಪದ್ಧತಿ ಇಲ್ಲ.

"ನನ್ನಿಂದ ಬಂತು ಮಹಾಸ್ವಾಮಿ. ಅವು ನಮ್ಮ ಪರವಾದ ತೀರ್ಪುಗಳಲ್ಲ. ಮೆಟ್ಟಿಲು ಅನ್ನೋ ಪದ ಇರೋ ತೀರ್ಪುಗಳು, ಅಷ್ಟೇ. ಒಂದನ್ನೂ ಓದದೇ ಹೇಳಿದೆ. ಕಂಪ್ಯೂಟರು ಬರುತ್ತೆ ಅಂತ ಸಾರ್ ಹತ್ರ ಹೇಳಿದ್ದೂ ಸುಳ್ಳು. ಬರ್ತಿರಲಿಲ್ಲ."

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ.

"ಈಗ ಬರುತ್ತಾ?"

"ಸ್ವಲ್ಪ ಬರುತ್ತೆ ಸ್ವಾಮಿ."

"ಸರಿ. ಹೋಗಿ ನಿಂತ್ಕೊಳ್ಳಿ."

ಎದುರು ವಕೀಲರು ಎದ್ದರು. ಅವರೂ ತೀರ್ಪನ್ನು ಓದಿದ್ದರು. "ಸುಗಮವಾದ ಬೇರೆ ದಾರಿ ಇಲ್ಲದಿರುವಾಗ ಅಂತ ಇದೆ ಸ್ವಾಮಿ. ಇಲ್ಲಿ ಬೇರೆ ದಾರಿ ಇದೆ. ಹಿಂಭಾಗದಲ್ಲಿ ಭದ್ರವಾದ, ಗಾಳಿಬೆಳಕಿನಿಂದ ಕೂಡಿದ ಏಣಿ ಇದೆ. ವಾದಿಯವರು ಅದರಲ್ಲಿ ಸುಖವಾಗಿ ಓಡಾಡ್ತಿದ್ದಾರೆ."

ನ್ಯಾಯಾಧೀಶರು ಗಡಿಯಾರ ನೋಡಿದರು. "ಮಧ್ಯಾಹ್ನ ಮೂರು ಗಂಟೆಗೆ ಸ್ಥಳ ಪರಿಶೀಲನೆ" ಎಂದರು.

ಮೂರು ಗಂಟೆಗೆ ಹಿಂದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವಮೈದುನ ತನ್ನ ಬಸ್ಸನ್ನು ಮೂಲೆಯಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾಗಿದೆ ಎಂದು ಪ್ರಯಾಣಿಕರಿಗೆ ಹೇಳಿ, ಅವರನ್ನೂ ಕರೆದುಕೊಂಡು ಬಂದಿದ್ದ. ನ್ಯಾಯಾಧೀಶರು ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದರು. ಬಾಲ್ಕನಿಯಿಂದ ನರ್ಸಮ್ಮ ಕೆಳಗೆ ನೋಡಿದರು. ಕ್ಷೌರದಂಗಡಿಯವನು ಕೆಲಸ ಅರ್ಧಕ್ಕೆ ಬಿಟ್ಟು ಬಂದು ಬುಡ ಹಿಡಿದಿದ್ದ. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ ಪಕ್ಕದಲ್ಲೇ ನಿಂತಿದ್ದ.

ನ್ಯಾಯಾಧೀಶರು ಎರಡು ಮೆಟ್ಟು ಹತ್ತಿದರು. ಏಣಿ ನರಳಿತು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಸ್ವಾಮಿ."

"ಬಿಡಬೇಡ." ಅವರು ನಿಧಾನವಾಗಿ ಇಳಿದು, ಎದುರು ವಕೀಲರ ಕಡೆ ತಿರುಗಿದರು. "ನೀವು ಹತ್ತಿ ವಕೀಲರೇ. ಸುಗಮವಾಗಿದೆ ಅಂದ್ರಲ್ಲ."

ಎದುರು ವಕೀಲರು ಸುತ್ತಲಿನ ಜನವನ್ನು ನೋಡಿದರು. ಬೇರೆ ದಾರಿ ಇರಲಿಲ್ಲ. ಕರಿ ಕೋಟಿನಲ್ಲಿಯೇ ಹತ್ತಿದರು. ಹತ್ತುವುದು ಹೇಗೋ ಆಯಿತು. ನರ್ಸಮ್ಮ ಮೇಲಿನಿಂದ ತೋಳು ಹಿಡಿದು ಒಳಗೆಳೆದುಕೊಂಡರು. ಇಳಿಯಲೆಂದು ಒಂದು ಕಾಲು ಹೊರಗಿಟ್ಟು ಕೆಳಗೆ ನೋಡಿದಾಗ ಅವರ ಮುಖದ ಬಣ್ಣ ಹೋಯಿತು. ಕಾಲನ್ನು ಒಳಗೆ ತೆಗೆದುಕೊಂಡರು. ಇನ್ನೊಂದು ಕಾಲು ಇಟ್ಟರು. ಅದನ್ನೂ ತೆಗೆದುಕೊಂಡರು.

ಐದು ನಿಮಿಷವಾಯಿತು. ನರ್ಸಮ್ಮ ಅವರ ನಾಡಿ ಹಿಡಿದು ನೋಡಿ, ಕುರ್ಚಿ ತಂದುಕೊಟ್ಟರು.

"ಇಳಿಯಿರಿ ವಕೀಲರೇ" ಎಂದರು ನ್ಯಾಯಾಧೀಶರು. "ನಾಲ್ಕು ಗಂಟೆಗೆ ನನಗೆ ಬೇರೆ ಕೇಸಿದೆ."

ಎದುರು ವಕೀಲರು ಬಾಲ್ಕನಿಯ ಕಂಬಿ ಹಿಡಿದು ಬಗ್ಗಿ, ತಮ್ಮ ಕಕ್ಷಿದಾರನನ್ನು ಹುಡುಕಿದರು. ದನಿಯಲ್ಲಿ ವಕಾಲತ್ತಿನ ಗತ್ತು ಒಂದಿಷ್ಟೂ ಉಳಿದಿರಲಿಲ್ಲ.

"ಅಯ್ಯಾ, ಮೊದಲು ಆ ಹಾಸಿಗೆ ತೆಗೆಸಯ್ಯಾ!"

ನ್ಯಾಯಾಧೀಶರು ಬೆಂಚ್ ಕ್ಲರ್ಕಿನ ಕಡೆ ನೋಡಿದರು. "ಬರ್ಕೊಳ್ಳಿ. ಪ್ರತಿವಾದಿಯ ಪರ ವಕೀಲರೇ ಕೇಳಿಕೊಂಡಿದ್ದಾರೆ."

ಅರವತ್ತು ಹಾಸಿಗೆ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನ ಪ್ರಯಾಣಿಕರೆಲ್ಲ ಕೈ ಹಾಕಿದರು. ಎದುರು ವಕೀಲರು ಗೋಡೆ ಹಿಡಿದುಕೊಂಡು ಮೆಟ್ಟಿಲಿನಿಂದ ಇಳಿದು ಬಂದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಮೆಟ್ಟಿಲನ್ನು ಯಾವ ಕಾರಣಕ್ಕೂ ಮುಚ್ಚಬಾರದೆಂದು ಮರುದಿನ ಆದೇಶವಾಯಿತು.

ದರ್ಜಿಯ ನಾಯಿಗಾಗಲಿ ಮೇಷ್ಟರ ಸೊಸೆಗಾಗಲಿ ತೀರ್ಪು ಸಿಗಲಿಲ್ಲ. ಅವರಿಬ್ಬರೂ ಗುಮಾಸ್ತರ ಜೊತೆ ಕೆಲವು ದಿನ ಮಾತು ಬಿಟ್ಟರು. ವಕೀಲರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ, "ಗುಮಾಸ್ತರೇ, ಇನ್ನು ಮೇಲೆ ಸಂಖ್ಯೆ ಹೇಳಬೇಡಿ. ಓದಿದ್ದು ಹೇಳಿ" ಎಂದರು. ಅಷ್ಟಕ್ಕೇ ಮುಗಿಯಿತು.

ಶನಿವಾರ ಬೆಳಿಗ್ಗೆ ಆದೇಶದ ಪ್ರತಿ ಕೊಡಲು ಗುಮಾಸ್ತರು ಆ ಅಂಗಳಕ್ಕೆ ಹೋದರು. ಹಾಸಿಗೆ ವ್ಯಾಪಾರಿ ಅಂಗಡಿಯೊಳಗೆ ಬೆನ್ನು ತಿರುಗಿಸಿ ಕೂತಿದ್ದ. ಗುಮಾಸ್ತರು ಕೆಳಗಿನಿಂದ ಕೂಗಿದರು. ನರ್ಸಮ್ಮ ಬಾಗಿಲು ತೆರೆದು, "ಅಲ್ಲೇ ಇರಿ, ನಾನೇ ಬರ್ತೀನಿ" ಎಂದರು. ಒಗೆದ ಸೀರೆ ಉಟ್ಟಿದ್ದರು, ತಲೆ ಬಾಚಿಕೊಂಡಿದ್ದರು. ಒಂದೊಂದೇ ಮೆಟ್ಟಿಲು ಇಳಿದು, ನಡುವೆ ಒಮ್ಮೆ ನಿಂತು ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿ, ಮತ್ತೆ ಇಳಿದು, ಅಂಗಳದಲ್ಲಿ ಬಂದು ನಿಂತರು. ಕಾಗದ ತೆಗೆದುಕೊಂಡು ಮಡಚಿ ಇಟ್ಟುಕೊಂಡರು.

"ಎಲ್ಲಿಗೋ ಹೊರಟ ಹಾಗಿದೆಯಲ್ಲಮ್ಮ?" ಎಂದರು ಗುಮಾಸ್ತರು.

"ಎಲ್ಲಿಗೂ ಇಲ್ಲಪ್ಪ. ಸುಮ್ನೆ ಇಳಿದೆ" ಎಂದರು ನರ್ಸಮ್ಮ. ಒಂದು ನಿಮಿಷ ಬಿಸಿಲಿನಲ್ಲಿ ನಿಂತರು. ಆಮೇಲೆ ಹಿಂದಿರುಗಿ ಮೇಲೆ ಹತ್ತಿದರು. ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ, ಮತ್ತೆ ಇಳಿಯತೊಡಗಿದರು.